ಸ್ಟೀಮ್ ಹ್ಯಾಮರ್ ಕೆಳಗಿನ ತೆಂಗಿನಕಾಯಿ

ಅಂದು ಉಗಿ ಬಡಿದು ನನ್ನ ಕನ್ನಡಕ ಮಬ್ಬಾಗಿತ್ತು. ಕಳೆದ ಒಂದೂವರೆ ವರ್ಷದಲ್ಲಿ ಈ ಮಾತನ್ನು ಎಷ್ಟು ಮನೆಗಳ ಊಟದ ಮೇಜಿನ ಮುಂದೆ ಹೇಳಿದ್ದೇನೋ, ನನಗೇ ಗೊತ್ತಿಲ್ಲ. ಬರೆಯಲು ಕೂತಾಗ ಮಾತ್ರ, ಮಬ್ಬಾಗಿದ್ದು ಹೌದೇ ಎಂದು ಕೈ ತಡೆಯುತ್ತಿದೆ. ನನ್ನ ನೆನಪಿನಲ್ಲಿ ಆ ಭಾನುವಾರ ಜಿನುಗು ಮಳೆ. ಹೆಂಡತಿ ಒಳ್ಳೆಯ ಬಿಸಿಲಿತ್ತು ಅನ್ನುತ್ತಾಳೆ. ನನ್ನ ನೆನಪಿನಲ್ಲಿ ಮಾವ ಮೊದಲ ಏಟಿಗೇ ತೆಂಗಿನಕಾಯಿಯನ್ನು ಪುಡಿ ಮಾಡಿದರು. ಮಗಳು ಅದು ಮೂರನೆಯ ಏಟು ಅನ್ನುತ್ತಾಳೆ. ಕಾಯಿ ಪುಡಿಯಾದದ್ದರಲ್ಲಿ ಯಾರಿಗೂ ತಕರಾರಿಲ್ಲ. ಅದಕ್ಕೆ ಹನ್ನೊಂದು ಸೆಕೆಂಡಿನ ವಿಡಿಯೋ ಇದೆ. ಯಾಕೆ ಪುಡಿಯಾಯಿತು ಎಂಬುದೇ ತಕರಾರು. ಮಾವ ಒಂದು ಕಾರಣ ಹೇಳಿದರು. ನಾನು ಇನ್ನೊಂದು ಹೇಳಿದೆ. ಗ್ರೀನ್‌ಫರ್ಡ್‌ನಿಂದ ಟೂಟಿಂಗ್‌ವರೆಗೆ ಎಲ್ಲರೂ ನನ್ನದನ್ನೇ ನಂಬಿದರು, ಯಾಕೆಂದರೆ ನನ್ನದು ಹೆಚ್ಚು ನಗು ತರಿಸುತ್ತಿತ್ತು.

ನನ್ನ ಉದ್ಯೋಗವನ್ನು ಹೇಳಿಬಿಡುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು. ನಾನು ಈ ಇಂಗ್ಲಿಷರ ನಾಡಿನ ಒಂದು ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಸಂದೇಹಪಡುವುದನ್ನು ಕಲಿಸುತ್ತೇನೆ. ಅದಕ್ಕೂ ಪಠ್ಯವಿದೆ, ಪರೀಕ್ಷೆಯಿದೆ, ಅಂಕಗಳಿವೆ. ಯಾರೇ ಏನೇ ಹೇಳಲಿ, ನಿನಗೆ ಹೇಗೆ ಗೊತ್ತು, ಯಾರು ನೋಡಿದರು, ಬೇರೆ ಕಾರಣ ಇರಬಹುದೇ ಎಂದು ಕೇಳಬೇಕು. ಮೈಸೂರಿನಲ್ಲಿ ಒಂದು ಪದವಿ, ಈ ದೇಶದಲ್ಲಿ ಎರಡು ಪದವಿ ಪಡೆದ ಮೇಲೆ ನನ್ನಲ್ಲಿ ಉಳಿದಿರುವ ಆಸ್ತಿ ಈ ಮೂರು ಪ್ರಶ್ನೆಗಳೇ. ಮನೆಯಲ್ಲೂ ಖರ್ಚು ಮಾಡುತ್ತೇನೆ. ಹಾಲು ಒಡೆದಿದೆ ಎಂದರೂ ಕೇಳುತ್ತೇನೆ. ಹೀಗಾಗಿ ಹೆಂಡತಿ ಮಾತಾಡುವುದನ್ನೇ ಬಿಟ್ಟು ಹಾಲಿನ ಬಾಟಲಿಯನ್ನು ನೇರ ನನ್ನ ಮೂಗಿನ ಕೆಳಗೆ ಹಿಡಿಯುವ ರೂಢಿ ಮಾಡಿಕೊಂಡಿದ್ದಾಳೆ.

ಮಾವ ಎಂದರೆ ಅವಳ ತಂದೆ. ಉತ್ತರ ಕರ್ನಾಟಕದ ಒಂದು ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಸ್ಟೀಮ್ ಹ್ಯಾಮರ್ ಓಡಿಸಿ ನಿವೃತ್ತರಾದವರು. ಊರಿನಲ್ಲಿ ಮಗನ ಮನೆಯಲ್ಲಿರುತ್ತಾರೆ. ಬೇಸಿಗೆ ಬಂತೆಂದರೆ ಆರು ತಿಂಗಳ ವೀಸಾದಲ್ಲಿ ನಮ್ಮ ಗ್ರೀನ್‌ಫರ್ಡ್ ಮನೆಗೆ ಬರುತ್ತಿದ್ದರು. ಬಂದವರು ಸುಮ್ಮನೆ ಕೂರುತ್ತಿರಲಿಲ್ಲ. ನಮ್ಮ ಬೀದಿಯಾಚೆಯ ಗೋದಾಮುಗಳ ಮುಂದೆ ನಿಂತು ಫೋರ್ಕ್‌ಲಿಫ್ಟ್ ಓಡಿಸುವವರ ಕೈಯನ್ನೇ ನೋಡುತ್ತಿದ್ದರು. ಸಂಜೆ ಚಹಾ ಕುಡಿಯುತ್ತ, "ಎರಡನೇ ಗೇಟಿನ ಹುಡುಗಗ ಕೈ ಇಲ್ರಿ. ಕಾಲಿಲೆ ಓಡಸ್ತಾನ," ಎಂದು ವರದಿ ಒಪ್ಪಿಸುತ್ತಿದ್ದರು.

ಸ್ಟೀಮ್ ಹ್ಯಾಮರ್ ಎಂದರೆ ಏನೆಂದು ನನಗೂ ಮದುವೆಯಾಗುವವರೆಗೆ ಗೊತ್ತಿರಲಿಲ್ಲ. ಎರಡು ಎರಕದ ಕಾಲುಗಳನ್ನು ಅಗಲಿಸಿ ನಿಂತ, ಮನೆಯೆತ್ತರದ ಕಬ್ಬಿಣದ ಆಸಾಮಿ. ಅದರ ತಲೆಯಲ್ಲಿ ಒಂದು ಸಿಲಿಂಡರು, ಸಿಲಿಂಡರಿನಿಂದ ಇಳಿಬಿದ್ದ ಒಂದು ಭಾರೀ ಗುಂಡು, ಕೆಳಗೆ ಏಟು ತಡೆಯುವ ಕಬ್ಬಿಣದ ಅಡಿಗಲ್ಲು. ಬಾಯ್ಲರಿನಿಂದ ಬಂದ ಉಗಿ ಗುಂಡನ್ನು ಎತ್ತುತ್ತದೆ, ಉಗಿಯೇ ಅದನ್ನು ಕೆಳಗೆ ತಳ್ಳುತ್ತದೆ. ಕೆಂಪಗೆ ಕಾದ ಕಬ್ಬಿಣ ಅಡಿಗಲ್ಲಿನ ಮೇಲೆ ರೊಟ್ಟಿ ಹಿಟ್ಟಿನಂತೆ ಚಪ್ಪಟೆಯಾಗುತ್ತದೆ. ಪಕ್ಕದಲ್ಲಿ ಒಂದು ಕೈಹಿಡಿ. ಗುಂಡು ಎಷ್ಟು ಜೋರಾಗಿ ಬೀಳಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಆ ಕೈಹಿಡಿ ಹಿಡಿದವನ ಮುಂಗೈಯಲ್ಲಿದೆ. ಮೂವತ್ತಾರು ವರ್ಷ ಅದು ನನ್ನ ಮಾವನ ಮುಂಗೈ.

ಅವರ ಬಳಿ ಇದ್ದ ದೊಡ್ಡ ಕಥೆ ಒಂದೇ. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಹ್ಯಾಮರಿಗೆ ಮಾಲೆ ಹಾಕಿ, ಕುಂಕುಮ ಹಚ್ಚಿ, ತೆಂಗಿನಕಾಯಿಯನ್ನು ಕೈಯಿಂದ ಒಡೆಯದೆ ಹ್ಯಾಮರಿನಿಂದಲೇ ಒಡೆಸುತ್ತಿದ್ದರಂತೆ. ಅಡಿಗಲ್ಲಿನ ಮೇಲೆ ಹಗ್ಗದ ಸಿಂಬಿ, ಸಿಂಬಿಯ ಮೇಲೆ ಅಡ್ಡ ಮಲಗಿಸಿದ ಕಾಯಿ. ಡ್ರೈವರ್ ಗುಂಡನ್ನು ಇಳಿಸಿ ಕಾಯಿಗೆ ಮುಟ್ಟಿಯೂ ಮುಟ್ಟದಂತೆ ಒಂದು ಪೆಟ್ಟು ಕೊಡಬೇಕು. ಎರಡೇ ಹೋಳು ಆಗಬೇಕು. ಮೂರಾದರೆ ಆ ಡ್ರೈವರನಿಗೆ ವರ್ಷವಿಡೀ ಎಲ್ಲರೂ ಚಟ್ನಿ ಎಂದು ಕರೆಯುವ ಶಿಕ್ಷೆ.

"ಮೂವತ್ತಾರು ವರ್ಷದಾಗ ಮೂವತ್ತಾರು ಕಾಯಿ," ಎನ್ನುತ್ತಿದ್ದರು ಮಾವ. "ಒಂದೂ ಮೂರು ಹೋಳು ಆಗಿಲ್ಲ."

ನಾನು ಏನು ಕೇಳಿರಬೇಕೆಂದು ಹೇಳಬೇಕಾಗಿಲ್ಲ. ಯಾರು ನೋಡಿದರು ಎಂದು ಕೇಳಿದೆ.

"ಇಡೀ ಶಾಪ್ ನೋಡೇತ್ರಿ."

"ಆ ಶಾಪಿನವರು ಈಗ ಯಾರಿದ್ದಾರೆ ಮಾವ, ಕೇಳೋಣ ಅಂದ್ರೆ?"

"ಇಬ್ಬರು ಸತ್ರು. ಒಬ್ಬಂವಗ ಕಿವಿ ಕೇಳಸೂದಿಲ್ಲ. ಒಬ್ಬಂವ ಈಗ ಸ್ವಾಮಿಗೋಳು ಆಗ್ಯಾನ, ಸುಳ್ಳು ಹೇಳಿದ್ರೂ ಹೇಳಿದ," ಎಂದು ನಕ್ಕರು. ಆ ನಗುವನ್ನು ನಾನು ನನ್ನ ಪರವಾದ ಸಾಕ್ಷಿಯೆಂದು ಬರೆದಿಟ್ಟುಕೊಂಡೆ.

ಈ ಕಥೆ ನಮ್ಮ ಮನೆಯಲ್ಲೇ ಉಳಿದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಟೂಟಿಂಗ್‌ನಲ್ಲಿ ನಮ್ಮ ಕನ್ನಡ ಬಳಗದ ಅಧ್ಯಕ್ಷರ ಹೋಟೆಲ್ ಇದೆ. ಕುಂದಾಪುರ ಕಡೆಯವರು. ತಿಂಗಳಿಗೊಮ್ಮೆ ಭಾನುವಾರ ಅಲ್ಲಿ ಕನ್ನಡದವರೆಲ್ಲ ಸೇರಿ ಊಟ ಮಾಡಿ, ಕನ್ನಡವನ್ನು ಉಳಿಸಬೇಕೆಂದು ಇಂಗ್ಲಿಷಿನಲ್ಲಿ ಮಾತಾಡಿ ಬರುತ್ತೇವೆ. ಅಲ್ಲಿ ಮಾವ ಆ ಕಥೆಯನ್ನು ಬಿಚ್ಚಿದರು.

ಅಧ್ಯಕ್ಷರು ಸಾಂಬಾರಿನ ಸೌಟು ಹಿಡಿದೇ ನಿಂತು ಕೇಳಿದರು. "ಎಂತ ಮಾರಾಯ್ರೆ, ನನ್ನ ಅಡುಗೆಯವ ಇಪ್ಪತ್ತು ವರ್ಷದಿಂದ ಕತ್ತಿಯಲ್ಲಿ ಕಾಯಿ ಒಡೀತಾನೆ. ಅವನಿಗೇ ಎರಡು ಹೋಳು ಸರಿ ಬರುದಿಲ್ಲ. ನೀವು ಟನ್ ಭಾರದ ಕಬ್ಬಿಣದಲ್ಲಿ ಮಾಡಿದ್ದಾ?"

"ಹೌದ್ರಿ."

"ಕಾಯಿಯ ನೀರೂ ಚೆಲ್ಲಲಿಲ್ಲ ಅಂತ ಹೇಳಿಬಿಡಿ ಮತ್ತೆ!"

"ನೀರು ಚೆಲ್ಲತೈತ್ರಿ. ಸುಳ್ಳ್ಯಾಕ ಹೇಳಲಿ?"

ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ನನ್ನ ಹೆಂಡತಿ ನಗಲಿಲ್ಲ. ಬಸ್ಸಿನಲ್ಲಿ ಬರುವಾಗ ಫೋನಿನಲ್ಲಿ ಏನೋ ಹುಡುಕುತ್ತಲೇ ಇದ್ದಳು. ಇಳಿಯುವ ಹೊತ್ತಿಗೆ, "ಅಪ್ಪನ ಹುಟ್ಟುಹಬ್ಬಕ್ಕ ಸಿಕ್ತು," ಅಂದಳು.

ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿದರೆ, ಕಾಲುವೆ ಪಕ್ಕದಲ್ಲಿ, ಒಂದು ಸಣ್ಣ ಯಂತ್ರಗಳ ಸಂಗ್ರಹಾಲಯವಿದೆ. ನಿವೃತ್ತ ಇಂಗ್ಲಿಷರು ಸಂಬಳವಿಲ್ಲದೆ, ಕಚೇರಿಯಲ್ಲಿ ಎಂದೂ ತೋರಿಸದಿದ್ದ ಶ್ರದ್ಧೆಯಿಂದ ನಡೆಸುವ ಜಾಗ. ಅಲ್ಲೊಂದು ಸ್ಟೀಮ್ ಹ್ಯಾಮರ್ ಇದೆ. ಮುಂಗಡ ಬುಕ್ ಮಾಡಿದರೆ ನೀವೇ ಕೈಹಿಡಿ ಹಿಡಿದು ಮೂರು ಏಟು ಹೊಡೆಯಬಹುದು. ಅದಕ್ಕೆ ಅನುಭವ ಎಂದು ಹೆಸರು. ಚೀಟಿಯನ್ನು ಲಕೋಟೆಯಲ್ಲಿಟ್ಟು ಉಡುಗೊರೆ ಕೊಡುತ್ತಾರೆ. ಮೂವತ್ತಾರು ವರ್ಷ ಇದಕ್ಕೇ ಸಂಬಳ ಪಡೆದ ಮನುಷ್ಯನಿಗೆ ಮಗಳು ಇದರ ಮೂರು ಏಟುಗಳನ್ನು ಉಡುಗೊರೆ ಕೊಟ್ಟಳು. ಮಾವ ಲಕೋಟೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಇಲ್ಲೆ ಮಂದಿ ಕೆಲಸ ಮಾಡಾಕ ರೊಕ್ಕ ಕೊಡತಾರ?" ಎಂದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹೀಗೆ ಚೆನ್ನಾಗಿ ನೆನಪಿರುವುದನ್ನೇ ಈಗ ನಾನು ಹೆಚ್ಚು ಅನುಮಾನಿಸುವುದು.

ಹೆಂಡತಿ ಅಷ್ಟಕ್ಕೇ ನಿಲ್ಲಲಿಲ್ಲ. ಆಯುಧಪೂಜೆಗೆ ಹತ್ತಿರದ ಭಾನುವಾರವನ್ನೇ ಬುಕ್ ಮಾಡಿ, ಬಳಗದವರನ್ನೂ ಕರೆದಳು. ತಂದೆಯ ಮಾತು ಸುಳ್ಳಲ್ಲವೆಂದು ಟೂಟಿಂಗ್‌ನ ಆ ಸಾಲಿಗೆ ತೋರಿಸಬೇಕಿತ್ತು ಅವಳಿಗೆ. ಮಾವನಿಗೂ ಅದೇ ಬೇಕಿತ್ತು, ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದು ಒಂದೇ: "ಕಾಯಿಗೆ ಜುಟ್ಟು ಇರಬೇಕ್ರಿ, ಅಳಿಯಾರ. ಬೋಳ ಕಾಯಿ ಉರುಳತೈತಿ."

ಇಲ್ಲಿಯ ಅಂಗಡಿಗಳಲ್ಲಿ ತೆಂಗಿನಕಾಯಿಯನ್ನು ಬೋಳಿಸಿ, ಪ್ಲಾಸ್ಟಿಕ್ ಸುತ್ತಿ ಇಡುತ್ತಾರೆ. ಜುಟ್ಟಿನ ಕಾಯಿಗಾಗಿ ನಾನು ಇಲ್ಫರ್ಡ್‌ವರೆಗೆ ಹೋದೆ. ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಸುತ್ತಲೂ ಸವರಿ, ಒಂದು ಕಡೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಹಳೆಯ ಟವೆಲನ್ನು ಹೊಸೆದು ಸಿಂಬಿ ಮಾಡಿದರು. ಹಿಂದಿನ ದಿನ ಸಂಜೆ ಬಳಗದ ಯಾರೋ ಫೋನ್ ಮಾಡಿದಾಗ, "ನಾಳೆ ಒಂದು ಪ್ರಯೋಗ ಇದೆ, ಬನ್ನಿ," ಎಂದು ನಾನೇ ನಗುತ್ತ ಹೇಳಿದೆ.

ಸಂಗ್ರಹಾಲಯದವರು ಮೊದಲು ಒಂದು ಫಾರಂ ಕೊಟ್ಟರು. ಈ ಮೊದಲು ಸ್ಟೀಮ್ ಹ್ಯಾಮರ್ ಕಂಡಿದ್ದೀರಾ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಎರಡು ಚೌಕಗಳಿದ್ದವು. ಮಾವ ಹೌದು ಎಂಬಲ್ಲಿ ಗುರುತು ಹಾಕಿ, ಅದರ ಪಕ್ಕದ ಅರ್ಧ ಇಂಚು ಜಾಗದಲ್ಲಿ 36 ಎಂದು ಬರೆದರು. ಹ್ಯಾಮರಿನ ಉಸ್ತುವಾರಿಯವರು, ಹಳದಿ ಕೋಟಿನ, ಕಿವಿಗೆ ಸದ್ದು ತಡೆಯುವ ದಪ್ಪ ಬಿಲ್ಲೆಗಳನ್ನು ಹಾಕಿಕೊಂಡ ಹಿರಿಯರು, ಅದನ್ನು ಓದಿ ಮಾವನ ವಯಸ್ಸೆಂದು ತಿಳಿದರೋ ಏನೋ, ತುಂಬ ಪ್ರೀತಿಯಿಂದ, ಇದು ಕೈಹಿಡಿ, ಎತ್ತಿದರೆ ಮೇಲೆ, ಒತ್ತಿದರೆ ಕೆಳಗೆ, ಬೆರಳು ಒಳಗೆ ಇಡಬಾರದು ಎಂದು ಹತ್ತು ನಿಮಿಷ ಪಾಠ ಮಾಡಿದರು. ಮಾವ ಕೈಕಟ್ಟಿ ಪೂರ್ತಿ ಕೇಳಿದರು. ಆ ತಾಳ್ಮೆ ನನಗೆ ಬಂದಿದ್ದರೆ ಈ ಬರಹ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ತೆಂಗಿನಕಾಯಿಗೆ ಅವರ ಅಭ್ಯಂತರವಿರಲಿಲ್ಲ. ಮಕ್ಕಳಿಗೆ ತೋರಿಸಲು ನಾವೇ ಆಗಾಗ ಮೊಟ್ಟೆ ಇಟ್ಟು ಒಡೆಯುತ್ತೇವೆ, ತೆಂಗಿನಕಾಯಿ ಇದೇ ಮೊದಲು ಎಂದು ಉತ್ಸಾಹವನ್ನೇ ತೋರಿಸಿದರು. ಕುಂಕುಮ ಹಚ್ಚಬಹುದೇ ಎಂದಾಗ ಮಾತ್ರ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಒರೆಸುವುದಾದರೆ ಆಗಬಹುದು ಎಂದರು.

ಆಮೇಲಿನ ಕಾಲು ಗಂಟೆಯೇ ನನ್ನನ್ನು ಕಾಡುವುದು.

ಮಾವ ಹ್ಯಾಮರಿನ ಸುತ್ತ ಒಂದು ಸುತ್ತು ಬಂದರು. ಸಿಲಿಂಡರಿನ ಬುಡದಲ್ಲಿದ್ದ ಸಣ್ಣ ನಲ್ಲಿಯನ್ನು ತೋರಿಸಿ, ತಿರುಗಿಸುವ ಸನ್ನೆ ಮಾಡಿದರು. ಉಸ್ತುವಾರಿಯವರು ಬೇಡವೆಂದು ತಲೆಯಾಡಿಸಿದರು. ಮಾವನ ಹುಬ್ಬು ಗಂಟಿಕ್ಕಿತು.

"ನೀರು ತಗೀದ ಹ್ಯಾಮರ್ ಬಡದ್ರ ಸಿಲಿಂಡರ್ ಒಡೀತೈತ್ರಿ," ಎಂದು ನನಗೆ ಹೇಳಿದರು. "ಉಗಿ ತಣ್ಣಗಾದ್ರ ಒಳಗ ನೀರು ನಿಲ್ಲತೈತಿ. ಮುಂಜಾನೆ ಮೊದಲ ಕೆಲಸ ಅದ."

ಹ್ಯಾಮರಿನ ಹಿಂದೆ ಬಳಸಿದ ಉಗಿ ಹೊರಹೋಗುವ ಒಂದು ಕೊಳವೆಯಿತ್ತು. ಉಸ್ತುವಾರಿಯವರು ತೋರಿಸಲೆಂದು ಗುಂಡನ್ನು ಒಮ್ಮೆ ಎತ್ತಿ ಇಳಿಸಿದಾಗ ಅದರ ಬಾಯಿಂದ ಬುಸ್ಸೆಂದು ಬಿಳಿಯ ಮಂಜು ಬಂತು. ಬಳಗದವರು ಓಹ್ ಎಂದರು. ಮಾವ ಹೋಗಿ ಆ ಮಂಜಿಗೆ ಅಂಗೈ ಒಡ್ಡಿದರು. ಕೈ ಹಿಂದಕ್ಕೆ ತೆಗೆಯಲಿಲ್ಲ. ಹಾಗೇ ನಿಂತರು.

"ಅಳಿಯಾರ, ಇದು ತಣ್ಣಗೈತಿ. ಇದು ಉಗಿ ಅಲ್ಲ, ಗಾಳಿ. ಒತ್ತಿಟ್ಟ ಗಾಳಿ ಬಿಟ್ರೂ ಹಿಂಗ ಮಂಜು ಬರತೈತಿ."

ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಉಗಿಯ ಯುಗ ಎಂದಿತ್ತು. ಬಾಗಿಲ ಬಳಿ ಉಗಿ ಭಾನುವಾರಗಳು ಎಂಬ ಫಲಕವಿತ್ತು. ಗಿಫ್ಟ್ ಶಾಪ್‌ನಲ್ಲಿ ಉಗಿಯ ಚಿತ್ರದ ಟೀ ಟವೆಲ್‌ಗಳಿದ್ದವು.

"ಸ್ಟೀಮ್?" ಎಂದು ಮಾವ ತಾವೇ ಉಸ್ತುವಾರಿಯವರನ್ನು ಜೋರಾಗಿ ಕೇಳಿದರು. ಅವರು ಕಿವಿಯ ಬಿಲ್ಲೆಗಳ ಒಳಗಿನಿಂದಲೇ ನಕ್ಕು ಹೆಬ್ಬೆರಳೆತ್ತಿದರು.

"ಅವ್ರಿಗೆ ಕೇಳಿಸಿಲ್ಲ. ನೀವು ಕೇಳ್ರಿ. ಬಾಯ್ಲರ್ ಹಚ್ಚ್ಯಾರೋ ಇಲ್ಲೋ, ಅಷ್ಟ ಕೇಳ್ರಿ. ಗಾಳಿ ಆದ್ರ ಕೈ ಬ್ಯಾರೆ ಹಿಡೀಬೇಕು."

ಕೇಳಿದೆನೇ? ಇಲ್ಲೇ ನೋಡಿ ನನ್ನ ನೆನಪು ಬುದ್ಧಿವಂತಿಕೆ ತೋರಿಸುವುದು. ಬಹಳ ಕಾಲ ಅದು ನಾನು ಕೇಳಿದೆ, ಅವರು ಉಗಿಯೇ ಎಂದರು ಎಂದೇ ಹೇಳುತ್ತಿತ್ತು. ಈಗ ಅದನ್ನು ಹಿಡಿದು ಕೂರಿಸಿ ವಿಚಾರಿಸಿದರೆ ಬೇರೆ ಹೇಳುತ್ತದೆ. ಬಳಗದ ಇಪ್ಪತ್ತು ಜನ ನೋಡುತ್ತಿದ್ದರು. ಉಗಿಯ ಸಂಗ್ರಹಾಲಯದಲ್ಲಿ ನಿಂತು ಇದು ಉಗಿಯೇ ಎಂದು ಕೇಳುವುದೆಂದರೆ ದೇವಸ್ಥಾನದಲ್ಲಿ ನಿಂತು ಇಲ್ಲಿ ದೇವರಿದ್ದಾನೆಯೇ ಎಂದು ಕೇಳಿದಂತೆ ನನಗೆ ಅನಿಸಿತು. ದೇವಸ್ಥಾನದಲ್ಲಾದರೆ ನಾನು ಖಂಡಿತ ಕೇಳುತ್ತಿದ್ದೆ. ಇಲ್ಲಿ ನಾಚಿಕೆಯಾಯಿತು. ಉಸ್ತುವಾರಿಯವರ ಹತ್ತಿರ ಹೋಗಿ, ನಮ್ಮ ಮಾವ ಈ ಬಾಯ್ಲರ್ ಎಷ್ಟು ಹಳೆಯದು ಎಂದು ಕೇಳುತ್ತಿದ್ದಾರೆ ಎಂದೆ. ಹಾಗೆಂದೆನೆಂದು ಈಗ ನನಗೆ ಅನಿಸುತ್ತದೆ. ಅವರು ಬಿಲ್ಲೆ ಸರಿಸಿ ಸಂತೋಷದಿಂದ ದೀರ್ಘವಾಗಿ ಏನೋ ಉತ್ತರಿಸಿದರು. ನಾನು ತಿರುಗಿ ಮಾವನಿಗೆ, "ಎಲ್ಲ ಸರಿಯಾಗಿದೆಯಂತೆ," ಎಂದೆ.

ಮಾವ ನನ್ನ ಮುಖ ನೋಡಿದರು. ಆಮೇಲೆ ಕೈಹಿಡಿ ಹಿಡಿದರು.

ಮೊದಲ ಎರಡು ಏಟುಗಳನ್ನು ಅವರು ಖಾಲಿ ಹೊಡೆದರಂತೆ, ಕೈ ನೋಡಲು. ನನಗೆ ನೆನಪೇ ಇಲ್ಲ. ನಾನು ಚಹಾ ತರಲು ಹೋಗಿದ್ದೆನೋ ಏನೋ. ಮೂರನೆಯದಕ್ಕೆ ಸಿಂಬಿ ಇಟ್ಟು, ಕಾಯಿ ಮಲಗಿಸಿ, ಸೀಮೆಸುಣ್ಣದ ಗುರುತು ಮೇಲೆ ಬರುವಂತೆ ತಿರುಗಿಸಿ, ಒಂದು ಕ್ಷಣ ಕಣ್ಣು ಮುಚ್ಚಿದರು. ವಿಡಿಯೋ ಶುರುವಾಗುವುದು ಇಲ್ಲಿಂದ. ಗುಂಡು ಮೆಲ್ಲಗೆ ಇಳಿಯುತ್ತದೆ. ಕಾಯಿಯ ಮೇಲೆ ಒಂದು ಗೇಣು ಎತ್ತರದಲ್ಲಿ ತಡೆಯುತ್ತದೆ. ಮಾವನ ಮುಂಗೈ ಒಂದು ಸಣ್ಣ ಚಲನೆ ಮಾಡುತ್ತದೆ. ಕೆಳಗಿನಿಂದ ಗುಂಡನ್ನು ಹಿಡಿದು ನಿಲ್ಲಿಸಬೇಕಾದ ಏನೋ ಒಂದು ಆ ಕ್ಷಣ ಅಲ್ಲಿಲ್ಲ. ಗುಂಡು ಧೊಪ್ಪನೆ ಕುಸಿಯುತ್ತದೆ. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರ ರೇಷ್ಮೆ ಜುಬ್ಬದ ಮೇಲೆ ಬಿಳಿಯ ತುರಿ ಹಾರುತ್ತದೆ. "ಅಜ್ಜಾ, ಓ ಮೈ ಗಾಡ್," ಎಂದು ಚಿತ್ರ ಹಿಡಿಯುತ್ತಿದ್ದ ನನ್ನ ಮಗಳ ದನಿ. ಆಮೇಲೆ ನಗು, ಮತ್ತು ಅಧ್ಯಕ್ಷರು ಜುಬ್ಬ ಕೊಡವುತ್ತ, "ಮೆಣಸಿನಕಾಯಿ ಯಾರು ತಂದಿದ್ದೀರಿ ಮಾರಾಯ್ರೆ? ಚಟ್ನಿ ರೆಡಿ!" ಎನ್ನುವುದು.

ಚಟ್ನಿ. ಅವರಿಗೆ ಆ ಶಬ್ದದ ಹಿಂದಿನ ಶಿಕ್ಷೆ ನೆನಪಿತ್ತೋ ಇಲ್ಲವೋ. ಮಾವನಿಗೆ ಇತ್ತು.

ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಬರುವಾಗ ಮಾವ ಇನ್ನೊಮ್ಮೆ ಹೇಳಿದರು: "ಅದು ಗಾಳಿ ಇತ್ತು. ಉಗಿ ಕೈಗೆ ಹೇಳತೈತಿ, ನಾ ಬಂದೆ, ನಾ ಹೊಂಟೆ ಅಂತ. ಗಾಳಿ ಹೇಳೂದಿಲ್ಲ. ಎರಡ ಏಟಿಗೆ ಗಾಳಿ ತುಂಬಿದ ಟ್ಯಾಂಕಿ ಖಾಲಿ ಆತು, ಮೂರನೇದ್ದಕ್ಕ ಕೆಳಗ ಏನೂ ಉಳೀಲಿಲ್ಲ."

ಇಲ್ಲಿ ಸುಮ್ಮನಿರಬಹುದಿತ್ತು. "ಹಾಗಲ್ಲ ಮಾವ," ಎಂದೆ. ಹಿಗ್ಗಿದ ಉಗಿ ತಣಿಯುವುದು ನಿಸರ್ಗದ ನಿಯಮ, ಆದ್ದರಿಂದ ಕೊಳವೆಯ ಬಾಯಲ್ಲಿ ಅದು ತಣ್ಣಗಿದ್ದರೆ ಆಶ್ಚರ್ಯವಿಲ್ಲ, ಸೋತಾಗ ಮನುಷ್ಯ ಕಾರಣವನ್ನು ಹೊರಗೆ ಹುಡುಕುವುದು ಸಹಜ, ವಯಸ್ಸಾದಂತೆ ಕೈಯ ಸೂಕ್ಷ್ಮ ಕಡಿಮೆಯಾಗುತ್ತದೆ, ಮೂವತ್ತಾರಕ್ಕೆ ಮೂವತ್ತಾರು ಎಂಬಂಥ ಪೂರ್ಣ ಸಂಖ್ಯೆಗಳನ್ನು ನೆನಪೇ ಕಟ್ಟಿಕೊಡುತ್ತದೆ ಎಂದು ವಿವರಿಸಿದೆ. ತರಗತಿಯಲ್ಲಿ ಇದಕ್ಕೆ ಎರಡು ಗಂಟೆ ಹಿಡಿಯುತ್ತದೆ. ಬಸ್ಸಿನಲ್ಲಿ ಐದು ನಿಲ್ದಾಣಗಳಲ್ಲಿ ಮುಗಿಸಿದೆ.

ಮಾವ ತಮ್ಮ ಎಡಗೈ ಮುಂಗೈಯನ್ನು ತಿರುಗಿಸಿ ತೋರಿಸಿದರು. ಅಲ್ಲಿ ನುಣುಪಾದ, ಕೂದಲಿಲ್ಲದ ಒಂದು ಹಳೆಯ ಸುಟ್ಟ ಪಟ್ಟಿ ಇತ್ತು.

"ಹಂಗಾದ್ರ ಇದನ್ನ ಸುಟ್ಟಿದ್ದು ಯಾವದ್ರಿ? ನಿಮ್ಮ ತಣ್ಣನ್ನ ಉಗಿ ಏನು?"

ಮಗಳು ಹಿಂದಿನ ಸೀಟಿನಿಂದ, "ಡ್ಯಾಡ್, ಸ್ಟಾಪ್," ಅಂದಳು. ನಾನು ನಿಲ್ಲಿಸಿದೆ, ಆದರೆ ಗೆದ್ದವನಂತೆ ನಿಲ್ಲಿಸಿದೆ.

ಮನೆ ತಲುಪುವ ಮುಂಚೆಯೇ ವಿಡಿಯೋ ಬಳಗದ ಗ್ರೂಪ್‌ನಲ್ಲಿತ್ತು. ಮಗಳು ಗೆಳತಿಯೊಬ್ಬಳಿಗೆ ಕಳಿಸಿದ್ದು, ಅವಳ ತಾಯಿಯಿಂದ ಅಲ್ಲಿಗೆ ಹೋಗಿತ್ತು. ದಸರೆಯ ಊಟಕ್ಕೆ ಟೂಟಿಂಗ್‌ನಲ್ಲಿ ಅಧ್ಯಕ್ಷರು ಒಂದು ಬಟ್ಟಲಿನ ಮೇಲೆ ಹ್ಯಾಮರ್ ಚಟ್ನಿ ಎಂದು ಚೀಟಿ ಅಂಟಿಸಿಟ್ಟಿದ್ದರು. ಕೆಟ್ಟ ಮನುಷ್ಯರಲ್ಲ, ನನ್ನ ಮಾವನಿಗೇ ಮೊದಲ ಚಮಚ ಬಡಿಸಿದರು. ಮಾವ ತಿಂದರು. ಉಪ್ಪು ಕಡಿಮೆ ಎಂದರು. ಮುಂದಿನ ವಾರ ಊರಿಗೆ ಹೋದರು.

ಆಮೇಲೆ ಆ ಕಥೆ ನನ್ನದಾಯಿತು. ಎಲ್ಲಿ ಹೋದರೂ ಹೇಳುತ್ತಿದ್ದೆ. ಸಾಕ್ಷಿಯ ಮಹತ್ವಕ್ಕೆ ಉದಾಹರಣೆಯಾಗಿ ತರಗತಿಯಲ್ಲೂ ಹೇಳಿದೆ. ಹೇಳುತ್ತ ಹೇಳುತ್ತ ಉಗಿ ಹೆಚ್ಚಾಯಿತು. ಮೊದಲು ಕೊಳವೆಯಿಂದ ಮಾತ್ರ ಬರುತ್ತಿದ್ದದ್ದು ಆಮೇಲೆ ಹಜಾರವಿಡೀ ತುಂಬಿತು, ಕನ್ನಡಕ ಮಬ್ಬಾಯಿತು, ಕಲ್ಲಿದ್ದಲಿನ ಹೊಗೆಯ ವಾಸನೆಯೂ ಬಂತು. ಏಟುಗಳು ಮೂರರಿಂದ ಒಂದಕ್ಕೆ ಇಳಿದವು, ಒಂದೇ ಏಟಿಗೆ ಸೋತರೆ ಕೇಳುವವರಿಗೆ ಬೇಗ ನಗು ಬರುತ್ತದೆ. "ಇದು ಉಗಿ ಅಲ್ಲ, ಗಾಳಿ" ಎಂಬ ಮಾತನ್ನು ಮಾವನ ಉಚ್ಚಾರದಲ್ಲೇ ಹೇಳುವುದನ್ನು ನಾನು ಚೆನ್ನಾಗಿ ಕಲಿತೆ. ಅದಕ್ಕೆ ಯಾವಾಗಲೂ ದೊಡ್ಡ ನಗು.

ಮರುವರ್ಷ ಬೇಸಿಗೆಗೆ ಟಿಕೆಟ್ ಮಾಡಿಸಲೇ ಎಂದು ಹೆಂಡತಿ ಕೇಳಿದಾಗ, ಮೊಣಕಾಲು ನೋವು, ಬರುವುದಿಲ್ಲ ಎಂದರು ಮಾವ. ವಾರವಾರದ ಫೋನಿನಲ್ಲಿ ಹವಾಮಾನ, ಔಷಧಿ, ಮೊಮ್ಮಗಳ ಪರೀಕ್ಷೆ, ಇಷ್ಟೇ. ಕಾರ್ಖಾನೆಯ ಮಾತೇ ಇಲ್ಲ. ಫೋರ್ಕ್‌ಲಿಫ್ಟಿನವರ ಬಗ್ಗೆಯೂ ಕೇಳಲಿಲ್ಲ. ಊರಿನಲ್ಲಿ ಮೊಮ್ಮಕ್ಕಳ ಮುಂದೆಯೂ ಹೇಳುತ್ತಿಲ್ಲವೆಂದು ಹೆಂಡತಿಯ ಅಣ್ಣ ಹೇಳಿದ. ಮಕ್ಕಳು ತಾವೇ ತೆಂಗಿನಕಾಯಿಯ ಕಥೆ ಕೇಳಿದರೆ, "ಅದು ಖರೇ ಇರಲಿಕ್ಕಿಲ್ಲೋ, ನಂಗೂ ಮರತೈತಿ," ಎಂದರಂತೆ.

"ಮೊಣಕಾಲು ನೋವಾದ್ರೆ ಫಿಸಿಯೋ ಮಾಡಿಸಬಹುದಲ್ಲ," ಎಂದೆ ನಾನು, ಈ ವರ್ಷವೂ ಅದೇ ಉತ್ತರ ಬಂದಾಗ.

"ಮೊಣಕಾಲಲ್ಲ ರೀ ನೋವು ಕೊಟ್ಟದ್ದು," ಎಂದಳು ಹೆಂಡತಿ, ಪಾತ್ರೆ ತೊಳೆಯುತ್ತ, ತಿರುಗದೆ. "ನಿಮ್ಮ ಬಾಯಿ. ಅಪ್ಪ ಕೇಳ್ರಿ ಅಂದಾಗ ನೀವು ಕೇಳಿದ್ರೇನು?"

"ಕೇಳಿದೆ."

"ನಿಮಗ ಹೆಂಗ ಗೊತ್ತು? ಯಾರು ನೋಡ್ಯಾರ?"

ನನ್ನ ಆಸ್ತಿಯನ್ನೇ ನನ್ನ ಮೇಲೆ ಎಸೆದಳು. ನನಗೆ ಸಿಟ್ಟು ಬಂತು. ಈ ವಸಂತದಲ್ಲಿ ನಾನು ಮತ್ತೆ ಆ ಸಂಗ್ರಹಾಲಯಕ್ಕೆ ಹೋದದ್ದು ಪಶ್ಚಾತ್ತಾಪದಿಂದಲ್ಲ, ಅವಳಿಗೆ ಪುರಾವೆ ತಂದು ಎಸೆಯಲು ಎಂಬುದನ್ನು ದಾಖಲಿಸುತ್ತೇನೆ. ಹೊರಡುವ ಮುನ್ನ ಆ ಹನ್ನೊಂದು ಸೆಕೆಂಡನ್ನು ಇನ್ನೊಮ್ಮೆ ನೋಡಿದೆ. ಮೂಲೆಯಲ್ಲಿ ನಾನಿದ್ದೇನೆ. ಕೈಯಲ್ಲಿ ಕಾಗದದ ಲೋಟ, ಪಕ್ಕದಲ್ಲಿ ಚಹಾದ ನೀರು ಕುದಿಸುವ ದೊಡ್ಡ ಡಬ್ಬ, ಅದರ ಮುಚ್ಚಳದಿಂದ ಧಾರಾಳವಾಗಿ ಉಗಿ. ಚಿತ್ರ ಅಲ್ಲಾಡುವುದರಿಂದ ಕನ್ನಡಕ ಸ್ಪಷ್ಟವಿಲ್ಲ.

ಅದು ವಾರದ ದಿನ. ಹ್ಯಾಮರ್ ನಿಂತಿತ್ತು. ಅದೇ ಉಸ್ತುವಾರಿಯವರು, ಕಿವಿಯ ಬಿಲ್ಲೆಗಳಿಲ್ಲದೆ, ಗಿಫ್ಟ್ ಶಾಪ್‌ನಲ್ಲಿ ಕಲ್ಲಿದ್ದಲ ಡಾಂಬರಿನಿಂದ ಮಾಡಿದ ಟಾರ್ ಸೋಪು ಜೋಡಿಸುತ್ತಿದ್ದರು. ಬಾಗಿಲು ದಾಟಿದೊಡನೆ ನನ್ನ ಕಥೆಯ ಕಲ್ಲಿದ್ದಲಿನ ವಾಸನೆ ಬಂತು, ಸೋಪಿನದು. ತೆಂಗಿನಕಾಯಿ ಎಂದೊಡನೆ ಅವರಿಗೆ ನಾವು ನೆನಪಾದೆವು. ಅಡಿಗಲ್ಲಿನ ಸಂದಿಯಿಂದ ತುರಿ ತೆಗೆಯಲು ಎರಡು ದಿನ ಹಿಡಿಯಿತಂತೆ. ಅಂದು ಹ್ಯಾಮರ್ ಯಾವುದರ ಮೇಲೆ ಓಡುತ್ತಿತ್ತು ಎಂದು, ಒಂದೂವರೆ ವರ್ಷ ತಡವಾಗಿ, ಮಾವನ ಪ್ರಶ್ನೆಯನ್ನು ಕೇಳಿದೆ. ಎಲ್ಲ ಬರೆದಿಟ್ಟಿರುತ್ತೇವೆ ಎಂದು ಅವರು ಎಣ್ಣೆಯ ಕಲೆಗಳಿದ್ದ ಒಂದು ದಾಖಲೆ ಪುಸ್ತಕವನ್ನು ತಂದು ಕೌಂಟರಿನ ಮೇಲಿಟ್ಟು, ಬೆರಳು ನೆಕ್ಕಿ ಪುಟ ತಿರುವಿದರು. ಆ ಭಾನುವಾರದ ಸಾಲು ಸಿಕ್ಕಿತು. ನಾನು ಎರಡು ಸಲ ಓದಿದೆ.

"ನಿಮ್ಮ ಮಾವನಿಗೆ ಗೊತ್ತಾಗಿರಬೇಕಲ್ಲ," ಎಂದರು ಅವರು. "ಮೂವತ್ತಾರು ಅಂತ ಬರೆದಿದ್ದರು. ಅದು ವರ್ಷಗಳು ಅಂತ ನಮಗೆ ಆಮೇಲೆ ಹೊಳೆಯಿತು. ಅವರು ನನ್ನನ್ನು ಯಾಕೆ ಕೇಳಲಿಲ್ಲ?"

ಸಂಜೆ ನಾಲ್ಕಕ್ಕೆ, ಬಸ್ ಸ್ಟಾಪಿನಿಂದಲೇ, ಮಾವನಿಗೆ ಫೋನ್ ಮಾಡಿದೆ.

"ಮಾವ, ನೀವು ಹೇಳಿದ್ದೇ ಸರಿ. ಅದು ಗಾಳಿ."

ಆ ಕಡೆ ಟೀವಿಯ ಸದ್ದು. ಯಾರೋ ಅದನ್ನು ಕಡಿಮೆ ಮಾಡಿದರು.

"ಯಾರು ಹೇಳಿದ್ರು?"

"ಅವರ ಪುಸ್ತಕದಲ್ಲಿ ಬರೆದಿದೆ."

"ಪುಸ್ತಕದಾಗ ಐತೇನು? ಹಂಗಾದ್ರ ಈಗ ನಿಮಗ ಗೊತ್ತಾತು. ಅವತ್ತ ಕೇಳಿದ್ದಿಲ್ಲಲ್ಲ ನೀವು," ಎಂದರು.

"ಇಲ್ಲ," ಎಂದೆ.

"ನನಗ ಗೊತ್ತಿತ್ತ ಬಿಡ್ರಿ. ಬಾಯ್ಲರ್ ಅಂತ ಒಂದ ಕೇಳಿಸ್ತು. ಉಳಿದದ್ದು ಭಾಳ ಉದ್ದ ಇತ್ತು."

ಇಷ್ಟು ಹೇಳಿ ನಕ್ಕರೆಂದು ನನ್ನ ನೆನಪು. ಸ್ಪೀಕರ್ ಹಾಕಿರಲಿಲ್ಲವಾದ್ದರಿಂದ ಬೇರೆ ಸಾಕ್ಷಿಯಿಲ್ಲ. ಬಾಯ್ಲರ್ ಯಾವ ತಿಂಗಳಲ್ಲಿ ಹಚ್ಚುತ್ತಾರೆಂದು ಕೇಳಿದರು. ಕೇಳಿಬರುತ್ತೇನೆ ಎಂದು ಮತ್ತೆ ಒಳಗೆ ಹೋಗಿ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಕೇಳಿ, ಉತ್ತರವನ್ನು ಇದ್ದ ಹಾಗೆ ಹೇಳಿದೆ. ಜೂನ್ ಎಂದೆ. ಟಿಕೆಟ್ ಬಗ್ಗೆ ಅವರು ಏನೂ ಅನ್ನಲಿಲ್ಲ. ಇಲ್ಫರ್ಡ್‌ನ ಅಂಗಡಿಯವ ಇನ್ನೂ ಜುಟ್ಟಿನ ಕಾಯಿ ಇಟ್ಟಿದ್ದಾನೆಯೇ ಎಂದು ಮಾತ್ರ ವಿಚಾರಿಸಿದರು.

ಪುಸ್ತಕದ ಆ ಪುಟದ ಫೋಟೋವನ್ನು ಬಳಗದ ಗ್ರೂಪ್‌ಗೆ ಹಾಕಿ, ನಮ್ಮ ಮಾವನ ಮಾತು ನಿಜ, ನಾನು ಹೇಳಿಕೊಂಡು ಬಂದದ್ದು ಸುಳ್ಳು ಎಂದು ಕನ್ನಡದಲ್ಲಿ ಬರೆದೆ. ಮೂವರು ಹೆಬ್ಬೆರಳು ತೋರಿಸಿದರು. ಒಬ್ಬರು ಯಾರಿಗೋ ಹುಟ್ಟುಹಬ್ಬದ ಶುಭಾಶಯ ಕೋರಿದರು. ಅಧ್ಯಕ್ಷರು, "ಜೂನಿಗೆ ನಾನು ಹಳೆ ಜುಬ್ಬ ಹಾಕ್ಕೊಂಡು ಬರ್ತೇನೆ," ಎಂದು ಬರೆದರು.

ಮಳೆಯೋ ಬಿಸಿಲೋ ನನಗೆ ತಿಳಿಯದು. ಮೂವತ್ತಾರು ಕಾಯಿಗಳೂ ಎರಡೇ ಹೋಳಾದವೋ, ನಾನು ನೋಡಿಲ್ಲ. ನನ್ನ ಕನ್ನಡಕವನ್ನು ಮಬ್ಬಾಗಿಸಿದ್ದು ಚಹಾದ ಡಬ್ಬವೋ, ಒಂದೂವರೆ ವರ್ಷದ ನನ್ನದೇ ಮಾತೋ, ಆಣೆ ಮಾಡಿ ಹೇಳಲಾರೆ. ಕಣ್ಣಾರೆ ಓದಿ ಖಚಿತಪಡಿಸಿಕೊಂಡದ್ದು ಇದೊಂದೇ. ಆ ಭಾನುವಾರದ ಸಾಲಿನಲ್ಲಿ, ನೀಲಿ ಬಾಲ್‌ಪೆನ್ನಿನಲ್ಲಿ, ಹೀಗೆ ಬರೆದಿದೆ: ಬಾಯ್ಲರ್ ಹಚ್ಚಿಲ್ಲ, ಹ್ಯಾಮರ್ ಇಡೀ ದಿನ ಕಂಪ್ರೆಸರ್ ಗಾಳಿಯ ಮೇಲೆ.